ಎರಡನೇ ಕುರ್ಚಿಯ ಟ್ಯೂಬಾ

ನನ್ನ ಮೈದುನನನ್ನು ಸ್ಟುಡಿಯೋದಲ್ಲಿ ಎಲ್ಲರೂ ತಿದಿಯಪ್ಪ ಎನ್ನುತ್ತಾರೆ. ಕಮ್ಮಾರನ ಕುಲುಮೆಗೆ ಗಾಳಿ ಊದುವ ಚರ್ಮದ ಚೀಲ ಇರುತ್ತದಲ್ಲ, ಆ ತಿದಿ. ಎದೆ ಅಷ್ಟು ಅಗಲ. ಅಂಗಿ ಹೊಲಿಯುವವನು ಅಳತೆಯ ಪಟ್ಟಿ ಸುತ್ತಿ, "ಉಸಿರು ಬಿಡಿ ಸಾರ್" ಎಂದರೆ, ಇವನು "ಬಿಟ್ಟೇ ನಿಂತಿದೀನಿ ಕಣಯ್ಯ, ಇನ್ನೇನು ಬಿಡ್ಲಿ" ಎನ್ನುತ್ತಾನೆ.

ಅವನ ಕೆಲಸ ಟ್ಯೂಬಾ ಊದುವುದು. ನೋಡದವರಿಗಾಗಿ ಹೇಳುತ್ತೇನೆ. ಅದು ಹಿತ್ತಾಳೆಯ ದೊಡ್ಡ ವಾದ್ಯ. ಸುತ್ತಿ ಸುತ್ತಿ ಮಡಚಿದ ಕೊಳವೆ, ಮೇಲುಗಡೆ ಹಂಡೆಯ ಬಾಯಿಯಷ್ಟು ಅಗಲದ ಬಾಯಿ. ತೊಡೆಯ ಮೇಲೆ ಕೂರಿಸಿಕೊಂಡು, ಹಟ ಮಾಡುವ ಮಗುವನ್ನು ತಬ್ಬಿ ಹಿಡಿದ ಹಾಗೆ ಹಿಡಿದು ಊದಬೇಕು. ವಾದ್ಯಮೇಳದಲ್ಲಿ ಎಲ್ಲಕ್ಕಿಂತ ತಗ್ಗಿನ ಸ್ವರ ಅದರದು. ಹಾಡಿಗೆ ಅದು ತಳಪಾಯದ ಕಲ್ಲಿನ ಹಾಗೆ. ಮನೆ ನೋಡಲು ಬಂದವರು ಯಾರೂ ತಳಪಾಯ ನೋಡಿ ಹೊಗಳುವುದಿಲ್ಲ.

ಮದುವೆಯಾಗಿ ನಾನು ಈ ಮನೆಗೆ ಬಂದಾಗ ಅವನು ಇನ್ನೂ ಶಾಲೆಗೆ ಹೋಗುತ್ತಿದ್ದ. ಆಗ ಟ್ಯೂಬಾ ಇದ್ದದ್ದು ನಮ್ಮವರದು. ನಮ್ಮವರು ಗಾಜಿನ ಕಾರ್ಖಾನೆಯ ಬ್ಯಾಂಡಿನಲ್ಲಿ ಊದುತ್ತಿದ್ದರು. ಅಣ್ಣ ಹಿಂದಿನ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತರೆ ತಮ್ಮ ಎದುರಿಗೆ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ಕೆನ್ನೆ ಉಬ್ಬಿಸುತ್ತಿದ್ದ. ಅಣ್ಣ ಕಾಫಿ ಕುಡಿಯಲು ಎದ್ದಾಗ ಒಂದು ದಿನ ಇವನು ವಾದ್ಯವನ್ನು ಎತ್ತಿಕೊಂಡು ಊದಿದ. ಗೂಡಿನಲ್ಲಿದ್ದ ಲೋಟಗಳು ಗಲಗಲ ಎಂದವು. ನಮ್ಮವರು ಬಾಗಿಲಲ್ಲಿ ನಿಂತು, "ಇವನು ನನಗೆ ತಮ್ಮ ಅಲ್ಲ ಕಣೇ, ಪ್ರಳಯ" ಎಂದರು. ಆಮೇಲೆ ತಾವೇ ಕಲಿಸಿದರು.

ಇಬ್ಬರೂ ಒಟ್ಟಿಗೇ ದೊಡ್ಡ ವಾದ್ಯಮೇಳಕ್ಕೆ ಸೇರಿದರು. ನಮ್ಮವರು ಮೊದಲ ಕುರ್ಚಿ, ಎಂದರೆ ಮುಖ್ಯ ವಾದಕರು; ಇವನು ಪಕ್ಕದಲ್ಲಿ ಎರಡನೇ ಕುರ್ಚಿ. ಆ ಕೆಲಸ ದಿನವೂ ಇರುವುದಲ್ಲ. ಉಳಿದ ಹೊತ್ತು ಮೈದುನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ಗಿರಾಕಿಗಳು ಅಲ್ಲಿಯೂ ಬಿಡುತ್ತಿರಲಿಲ್ಲ. "ಮಿಷನ್ ಯಾಕಪ್ಪ, ನೀನೇ ಬಾಯಿಟ್ಟು ಊದಿಬಿಡು" ಎನ್ನುವರು. "ಊದಿದ್ರೆ ಟೈರ್ ಒಡೆದುಹೋಗುತ್ತೆ ಸಾರ್, ಆಮೇಲೆ ಹೊಸದು ನಮ್ಮಲ್ಲೇ ತಗೋಬೇಕಾಗುತ್ತೆ" ಎನ್ನುವನು.

ಅವನಿಗೆ ಮದುವೆ ಆಗಲಿಲ್ಲ. ಒಂದು ಸಂಬಂಧ ಬಂದಿತ್ತು. ಹುಡುಗಿಯ ತಂದೆ "ಹುಡುಗ ಏನು ಮಾಡ್ಕೊಂಡಿದಾನೆ" ಎಂದು ಕೇಳಿದಾಗ ನಮ್ಮವರು ಏನೂ ಯೋಚಿಸದೆ "ಊದ್ತಾನೆ" ಎಂದುಬಿಟ್ಟರು. ಅವರು ಲೋಟ ಕೆಳಗಿಟ್ಟು ಹೊರಟರು. ಮೈದುನನಿಗೆ ಬೇಸರವಾಗಲಿಲ್ಲವೇ ಎಂದು ನಾನು ಕೇಳಿದೆ. "ಬಿಡಿ ಅತ್ತಿಗೆ, ಬಂದವಳಿಗೂ ಈ ಮನೇಲಿ ನಿದ್ದೆ ಬರ್ತಿರಲಿಲ್ಲ" ಎಂದ. ನಮ್ಮ ಮಗಳನ್ನು ಎತ್ತಿ ಆಡಿಸಿದವನು ಅವನೇ. ಟ್ಯೂಬಾದ ಬಾಯೊಳಗೆ ಅವಳನ್ನು ಇಳಿಬಿಟ್ಟು ಕೂರಿಸಿ ನನ್ನಿಂದ ಬೈಸಿಕೊಂಡವನೂ ಅವನೇ.

ಮೊದಲೆಲ್ಲ ಸಭೆಗಳಲ್ಲಿ ಕಛೇರಿಗಳು ಇರುತ್ತಿದ್ದವು. ಬರಬರುತ್ತಾ ಅವು ಕಡಿಮೆಯಾದವು. ಎಲ್ಲರನ್ನೂ ಮನೆಗೆ ಕಳಿಸುತ್ತಾರೆಂದು ಇವರು ಅಂಜಿಕೊಂಡಿದ್ದಾಗ, ವಿಡಿಯೋ ಗೇಮುಗಳಿಗೆ ಸಂಗೀತ ರೆಕಾರ್ಡ್ ಮಾಡಿಕೊಡುವ ಕೆಲಸ ಬಂತು. ಹಳೆಯ ಐಸ್ ಕಾರ್ಖಾನೆಯೊಂದನ್ನು ಸ್ಟುಡಿಯೋ ಮಾಡಿದರು. ಗೋಡೆಗಳು ಮೊಳ ದಪ್ಪ, ಹೊರಗೆ ಲಾರಿ ಹೋದರೂ ಒಳಗೆ ಕೇಳಿಸದು. ನನಗೂ ಅಲ್ಲಿ ಕೆಲಸ ಸಿಕ್ಕಿತು. ಕುರ್ಚಿಗಳ ಕಾಲಿಗೆ ದಪ್ಪ ಉಣ್ಣೆಬಟ್ಟೆ ಕತ್ತರಿಸಿ ಅಂಟಿಸುವುದು, ಸವೆದದ್ದನ್ನು ಕಿತ್ತು ಹೊಸದು ಹಾಕುವುದು. ಒಂದು ಕುರ್ಚಿ ಕಿರ್ ಎಂದರೂ ಅಷ್ಟು ಜನ ಊದಿದ್ದು, ಬಾರಿಸಿದ್ದು ಎಲ್ಲ ಮಣ್ಣುಪಾಲು. ಹೀಗಾಗಿ ಅಲ್ಲಿ ನಡೆದದ್ದನ್ನು ನಾನು ಹಿಂದಿನ ಗೋಡೆಯ ಪಕ್ಕ ಕೂತು ಕಂಡಿದ್ದೇನೆ.

ಗೇಮುಗಳಲ್ಲಿ ಹೆಚ್ಚಿನವು ಅಂತರಿಕ್ಷದವು. ಹಡಗು, ನಕ್ಷತ್ರ, ಯುದ್ಧ. ಅಲ್ಲಿ ಗಾಳಿಯೇ ಇಲ್ಲವಂತೆ, ಸದ್ದೇ ಇಲ್ಲವಂತೆ. "ಸದ್ದಿಲ್ಲದ ಜಾಗಕ್ಕೆ ಇಷ್ಟು ಜನ ಸೇರಿ ಯಾಕೆ ಊದಬೇಕು?" ಎಂದು ನಾನು ನಮ್ಮ ಅಳಿಯಂದಿರನ್ನು ಕೇಳಿದ್ದೆ. ಅವರು ಲಿಫ್ಟ್ ರಿಪೇರಿ ಮಾಡುವವರು, ನಲವತ್ತು ದಾಟಿದರೂ ಗೇಮ್ ಬಿಟ್ಟವರಲ್ಲ. "ಸದ್ದಿಲ್ಲ ಅಂತಾನೇ ಅತ್ತೆ. ಸುಮ್ನೆ ಬಿಟ್ರೆ ಆಡೋನಿಗೆ ಹೆದರಿಕೆ ಆಗುತ್ತೆ. ಹಿಂದೆ ಯಾರೋ ದೊಡ್ಡವರು ನಿಂತಿದಾರೆ ಅನ್ನಿಸೋಕೆ ಇಷ್ಟು ವಾದ್ಯ ಬೇಕು" ಎಂದರು.

ಹೀಗೆ ವರ್ಷಗಳು ಹೋದವು. ಇಬ್ಬರು ಟ್ಯೂಬಾದವರ ಕೆಲಸದಲ್ಲಿ ಒಂದು ಕ್ರಮವಿದೆ, ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಗ್ಗಿನ ಸ್ವರ ಬಹಳ ಗಾಳಿ ತಿನ್ನುತ್ತದೆ. ಒಬ್ಬನ ಉಸಿರಿಗೆ ಅದು ಎಷ್ಟು ಹೊತ್ತು ನಿಂತೀತು? ಹಾಡಿನಲ್ಲಿ ಉದ್ದದ ಸ್ವರ ಇದ್ದಾಗ ಇಬ್ಬರೂ ಅದೇ ಸ್ವರವನ್ನು ಹಿಡಿಯುತ್ತಾರೆ. ಮೊದಲ ಕುರ್ಚಿಯವನು ಮೆಲ್ಲಗೆ ಬಿಟ್ಟು ಉಸಿರು ತೆಗೆದುಕೊಳ್ಳುತ್ತಾನೆ, ಎರಡನೆಯವನು ಹಿಡಿದಿರುತ್ತಾನೆ. ಮೊದಲನೆಯವನು ಮರಳಿ ಬಂದ ಮೇಲೆ ಎರಡನೆಯವನು ಬಿಡುತ್ತಾನೆ. ಕೇಳುವವನಿಗೆ ಉಸಿರಾಡದ ಪ್ರಾಣಿಯೊಂದು ಊದುತ್ತಿದೆ ಎನ್ನಿಸಬೇಕು. ಬೇರೆಯವರು ಎಲ್ಲಿ ಯಾರು ಉಸಿರು ತೆಗೆಯಬೇಕೆಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಾರೆ. ಅಣ್ಣ ತಮ್ಮ ಒಂದು ದಿನವೂ ಗುರುತು ಹಾಕಿದವರಲ್ಲ. ಮೇಷ್ಟ್ರು, ಎಂದರೆ ಮುಂದೆ ನಿಂತು ಕೋಲು ಆಡಿಸಿ ಮೇಳ ನಡೆಸುವವರು, ಹೊಸಬರಿಗೆ ಇವರಿಬ್ಬರನ್ನು ತೋರಿಸಿ, "ಅಣ್ಣ ಎಳೀತಾನೆ, ತಮ್ಮ ಗಾಡಿ ಹತ್ತಿ ಕೂತಿದಾನೆ" ಎಂದು ನಗುತ್ತಿದ್ದರು. ತಮ್ಮನೂ ನಗುತ್ತಿದ್ದ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮವರು ಒಂದು ಬೆಳಿಗ್ಗೆ ಎದೆನೋವು ಎಂದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಮೈದುನನನ್ನು ಮೊದಲ ಕುರ್ಚಿಗೆ ಹಾಕಿದರು. ಅವನ ಜಾಗಕ್ಕೆ ಪೊಲೀಸ್ ಬ್ಯಾಂಡಿನಿಂದ ಒಬ್ಬಾಕೆ ಬಂದಳು. ನಡುವಯಸ್ಸಿನವಳು, ಗಟ್ಟಿ ಆಳು. ವರ್ಷಗಟ್ಟಲೆ ಬಿಸಿಲಲ್ಲಿ ನಡೆಯುತ್ತಾ ಊದಿದವಳು. ಬಂದ ದಿನವೇ ಅವಳಿಗೆ ಬ್ಯಾಂಡಮ್ಮ ಎಂದು ಹೆಸರು ಬಿತ್ತು. ಅವಳು ಇವನನ್ನು "ಹಿರಿಯರೇ" ಎಂದು ಕರೆದಳು. ಅದು ಗೌರವವೋ ಗೇಲಿಯೋ ಎಂದು ಇವನಿಗೆ ತಿಳಿಯಲಿಲ್ಲ. ಮೊದಮೊದಲು ಬಂದ ಕೆಲಸವೆಲ್ಲ ಯುದ್ಧದ ಗದ್ದಲ. ನಗಾರಿ, ಕಹಳೆ ಎಲ್ಲ ಒಟ್ಟಿಗೆ ಬಡಿಯುವಾಗ ಟ್ಯೂಬಾದವರು ಎಲ್ಲಿ ಉಸಿರು ತೆಗೆದರೂ ನಡೆದುಹೋಗುತ್ತಿತ್ತು.

ಆಮೇಲೆ ಆ ಗೇಮ್ ಬಂತು.

ಅದರಲ್ಲಿ ಯುದ್ಧವಿಲ್ಲ. ಕೆಟ್ಟುಹೋದ ಹಡಗು, ಒಳಗೆ ಒಬ್ಬಳೇ ಮೆಕ್ಯಾನಿಕ್, ಸುತ್ತಲೂ ಕತ್ತಲೆ. ಹಡಗಿನ ಒಂದೊಂದು ಭಾಗಕ್ಕೂ ಒಂದೊಂದು ವಾದ್ಯದ ಗುಂಪು. ದೀಪ ಸರಿಮಾಡಿದರೆ ಪಿಟೀಲು ಕೇಳಿಸುತ್ತದೆ, ಎಂಜಿನ್ ಸರಿಮಾಡಿದರೆ ಕಹಳೆ. ಭಾಗ ಕೆಟ್ಟರೆ ಆ ವಾದ್ಯ ನಿಲ್ಲುತ್ತದೆ. ಎಲ್ಲವೂ ಕೆಟ್ಟು, ಒಳಗಿನ ಗಾಳಿ ಮಾತ್ರ ಉಳಿದಾಗ ಎರಡು ಟ್ಯೂಬಾಗಳ ಒಂದೇ ಒಂದು ಸ್ವರ ಉಳಿಯುತ್ತದೆ. ಅದಕ್ಕಾಗಿ ಪ್ರತಿ ಗುಂಪನ್ನೂ ಬೇರೆ ಬೇರೆ ದಿನ ಕರೆಸಿ, ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದರು. ಟ್ಯೂಬಾದವರ ದಿನ ಅಷ್ಟು ದೊಡ್ಡ ಕೋಣೆಯಲ್ಲಿ ನಡುವೆ ಎರಡೇ ಕುರ್ಚಿ. ನಾನು ಆ ಎರಡು ಕುರ್ಚಿಗಳ ಎಂಟು ಕಾಲಿಗೂ ಹೊಸ ಬಟ್ಟೆ ಹಾಕಿದ್ದೆ.

ಇಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿದರು. ಅದರಲ್ಲಿ ತಾಳ ಹಿಡಿಯಲು ಟಿಕ್ ಟಿಕ್ ಎನ್ನುತ್ತಿರುತ್ತದೆ. ಕೆಂಪು ದೀಪ ಹತ್ತಿತು. ಸ್ವರ ಏರಿತು. ನೆಲ, ಗೋಡೆ, ನನ್ನ ಕೈಯಲ್ಲಿದ್ದ ಕತ್ತರಿ ಎಲ್ಲ ಸಣ್ಣಗೆ ನಡುಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಸ್ವರ ಇಲ್ಲ. ರೆಪ್ಪೆ ಬಡಿಯುವಷ್ಟು ಹೊತ್ತು. ಮತ್ತೆ ಇಬ್ಬರೂ ಗಡಬಡಿಸಿ ಬಂದರು.

"ತೂತು" ಎಂದರು ಮೇಷ್ಟ್ರು.

ಮತ್ತೆ ಊದಿದರು. ಮತ್ತೆ ತೂತು. ಪೆನ್ಸಿಲ್ ತಂದು ಗುರುತು ಹಾಕಿದರು: ಇಲ್ಲಿ ಮೊದಲ ಕುರ್ಚಿ, ಇಲ್ಲಿ ಎರಡನೆಯದು. ಆಗಲೂ ತೂತು. ನಾನು ಕೂತಲ್ಲಿಂದ ನೋಡುತ್ತಿದ್ದೆ. ಮೈದುನ ತನ್ನ ಗುರುತು ಬಂದಾಗ ಬಿಡುತ್ತಿರಲಿಲ್ಲ. ಹಿಡಿದೇ ಇರುತ್ತಿದ್ದ. ಬ್ಯಾಂಡಮ್ಮ ತನ್ನ ಗುರುತಿಗೆ ಸರಿಯಾಗಿ ಬಿಡುವಳು. ಅಷ್ಟರಲ್ಲಿ ಇವನ ಗಾಳಿ ತಳ ಮುಟ್ಟಿರುತ್ತಿತ್ತು. ಇಬ್ಬರೂ ಒಟ್ಟಿಗೆ ಬಿಡುವರು.

"ಹಿರಿಯರೇ, ಗುರುತು ಇದೆಯಲ್ಲ, ಕಾಣಿಸ್ತಿಲ್ವಾ?" ಎಂದಳು ಬ್ಯಾಂಡಮ್ಮ.

"ಕಾಣಿಸ್ತಿದೆ."

"ಮತ್ತೆ ಯಾಕೆ ಬಿಡ್ತಿಲ್ಲ?"

"ನನಗಿನ್ನೂ ಉಸಿರಿತ್ತು."

"ಉಸಿರಿರುವಾಗಲೇ ಬಿಡಬೇಕು ಅಂತ ತಾನೇ ಗುರುತು ಹಾಕಿರೋದು?"

ಇವನು ಟ್ಯೂಬಾ ಕೆಳಗಿಟ್ಟು ಎದ್ದ. ಮೇಷ್ಟ್ರ ಹತ್ತಿರ ಹೋಗಿ, "ನನ್ನನ್ನ ಎರಡನೇ ಕುರ್ಚಿಗೇ ಹಾಕಿ. ಮೊದಲನೇದು ನನಗೆ ಒಗ್ಗಲ್ಲ" ಎಂದ. ಹಾಕಿದರು. ಬ್ಯಾಂಡಮ್ಮ ಮೊದಲು ಉಸಿರು ತೆಗೆದಳು, ಇವನು ಹಿಡಿದ. ತೂತು ಹೋಯಿತು. ಆದರೆ ಅವಳು ಮರಳಿ ಬಂದ ಮೇಲೆ ಇವನು ಮೀನಿನ ಹಾಗೆ ಗಬಕ್ಕನೆ ಒಂದು ಗುಟುಕು ಗಾಳಿ ನುಂಗಿ, ತಟ್ಟನೆ ಒಳನುಗ್ಗುತ್ತಿದ್ದ. ಪ್ರತಿಸಲ ಸ್ವರ ಉಬ್ಬುತ್ತಿತ್ತು.

"ತೂತು ಹೋಯ್ತು, ಗಂಟು ಬಂತು" ಎಂದರು ಮೇಷ್ಟ್ರು. ಅವರು ಕೂಗಾಡುವವರಲ್ಲ. ಇವನನ್ನು ಗೋಡೆಯ ಕಡೆಗೆ ಕರೆದು, ನನಗೂ ಕೇಳುವಷ್ಟು ಹತ್ತಿರದಲ್ಲೇ ಹೇಳಿದರು. "ನೋಡು ತಿದಿಯಪ್ಪ, ನಗಾರಿಯವರ ಕೆಲಸ ಮುಗಿದ ಮೇಲೆ ಇನ್ನೊಂದು ದಿನ ಕೊಡ್ತೀನಿ. ಅವತ್ತೂ ಆಗದಿದ್ರೆ ಈ ಸ್ವರ ಕಂಪ್ಯೂಟರಿಂದ ಮಾಡಿಸ್ತಾರೆ. ಒಂದು ಸಲ ಮಾಡಿಸಿದ್ರೆ ಮುಂದೆ ಎರಡು ಟ್ಯೂಬಾ ಯಾಕೆ ಅಂತಾರೆ. ಒಂದು ಕುರ್ಚಿ ತೆಗೀತಾರೆ. ಯಾವುದು ತೆಗೀತಾರೆ ಅಂತ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಅರವತ್ತರ ಹತ್ತಿರ ಬಂದವನು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಬಸ್ಸಿನಲ್ಲಿ ಮನೆಗೆ ಬರುವಾಗ ಇವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಟ್ಯೂಬಾದ ಪೆಟ್ಟಿಗೆ ನಮ್ಮಿಬ್ಬರ ನಡುವೆ. "ಅವಳಿಗೆ ಜೊತೆಯಲ್ಲಿ ಊದೋಕೆ ಬರಲ್ಲ ಅತ್ತಿಗೆ. ಬ್ಯಾಂಡಿನವರು ಅವರವರ ಪಾಡಿಗೆ ಊದೋರು" ಎಂದ.

"ಅವಳು ಗುರುತಿಗೆ ಸರಿಯಾಗಿ ಬಿಡ್ತಿದ್ಲಲ್ಲ" ಎಂದೆ.

"ನೀವು ಯಾರ ಕಡೆ?"

"ನಾನು ಕುರ್ಚಿ ಕಡೆ. ಅದರ ಕಾಲಿಗೆ ಬಟ್ಟೆ ಹಾಕಿದೋಳು ನಾನು."

ಅವನು ನಗಲಿಲ್ಲ.

ಬ್ಯಾಂಡಮ್ಮ ಹೇಳದೆ ಕೇಳದೆ ಮಾರನೆಯ ದಿನ ಮನೆಗೆ ಬಂದಳು. ತನ್ನ ಟ್ಯೂಬಾ ಬೆನ್ನಿಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಬಂದಿದ್ದಳು. "ಅಕ್ಕ, ನಿಮ್ಮ ಮೈದುನ ಇದಾರಾ? ಓಡಿಹೋಗಿಲ್ಲ ತಾನೇ?" ಎಂದಳು. ಹಿಂದಿನ ಕೋಣೆಯಲ್ಲಿ ಇಬ್ಬರೂ ಕೂತರು. ಆ ಕೋಣೆಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ, ಒಂದು ಪರದೆ ಅಷ್ಟೆ. ನಾನು ತೊಳೆದ ತಟ್ಟೆಗಳನ್ನು ಒರೆಸಿ ಜೋಡಿಸುತ್ತಿದ್ದೆ.

ಸ್ವಲ್ಪ ಹೊತ್ತು ಊದಿದರು. ತೂತು, ಗಂಟು, ತೂತು, ಗಂಟು. ಬ್ಯಾಂಡಮ್ಮ ನಿಲ್ಲಿಸಿದಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಊದುವಾಗ ನೀವು ಯಾಕೆ ನನ್ನ ಭುಜ ನೋಡ್ತೀರಿ?"

"ನಾನೆಲ್ಲಿ ನೋಡಿದೆ?"

"ನೋಡ್ತೀರಿ. ನಾನು ಬೀಳ್ತೀನೇನೋ ಅನ್ನೋ ಹಾಗೆ. ನಾನೇನು ಕಾಯಿಲೆಯವಳಾ? ನನ್ನನ್ನ ಯಾರೂ ಹೊರಬೇಕಾಗಿಲ್ಲ."

ಇವನು ಟ್ಯೂಬಾದ ಗುಂಡಿಗಳನ್ನು ಟಕಟಕ ಒತ್ತುವುದು ಕೇಳಿಸಿತು. ಅವಳು ಕಾಯುವುದು ಗೊತ್ತಿದ್ದವಳು. ಕೊನೆಗೆ ಇವನು ಧ್ವನಿ ತಗ್ಗಿಸಿದ. ಆದರೆ ಆ ಎದೆಯಿಂದ ಬಂದ ಮಾತು ಎಷ್ಟು ತಗ್ಗೀತು?

"ಅಣ್ಣನಿಗೆ ಉಸಿರು ಸಾಲ್ತಿರಲಿಲ್ಲ" ಎಂದ. "ಹಿಂದೊಂದು ಸಲ ಎದೇಲಿ ನೀರು ತುಂಬಿ ಮಲಗಿದ್ದ, ಅದಾದ್ಮೇಲೆ ಅರ್ಧ ಉಸಿರೇ ಉಳಿದಿದ್ದು. ಯಾವಾಗ ಬಿಡ್ತಾನೋ ಹೇಳೋಕಾಗ್ತಿರಲಿಲ್ಲ. ಹಾಗಾಗಿ ನಾನು ಯಾವತ್ತೂ ಮೊದಲು ಬಿಡ್ತಿರಲಿಲ್ಲ. ಅವನು ಬಿಟ್ಟು, ಸುಧಾರಿಸ್ಕೊಂಡು, ಮತ್ತೆ ಬಂದ ಅಂತ ಕಿವಿಗೆ ಬಿದ್ದ ಮೇಲೇ ನಾನು ಒಂದು ಗುಟುಕು ತಗೋತಿದ್ದೆ. ಜಾಸ್ತಿ ತಗೊಂಡ್ರೆ ಅಷ್ಟರಲ್ಲಿ ಅವನು ಮತ್ತೆ ಖಾಲಿ."

"ಎಷ್ಟು ದಿನ ಹೀಗೆ?"

"ದಿನ ಅಂತೆ" ಎಂದ ಇವನು. "ಅವನು ಹೋಗೋವರೆಗೂ."

ನಮ್ಮವರಿಗೆ ಎದೆಯಲ್ಲಿ ನೀರು ತುಂಬಿದ್ದು ಮಗಳು ಹುಟ್ಟುವ ಮೊದಲು. ಪೂರ್ತಿ ವಾಸಿಯಾಗಿದೆ, ಇನ್ನು ಊದಬಹುದು ಎಂದು ಡಾಕ್ಟರು ಹೇಳಿದ್ದಾರೆಂದು ನನಗೆ ಹೇಳಿದವರು ನಮ್ಮವರೇ. ಪಕ್ಕದಲ್ಲಿ ನಿಂತು ತಲೆಯಾಡಿಸಿದವನು ಈ ಮೈದುನನೇ. ನಾನು ಒರೆಸಿದ ತಟ್ಟೆಯನ್ನೇ ಇನ್ನೊಂದು ಸಲ ಒರೆಸಿದೆ. ಆಮೇಲೆ ಪರದೆ ಸರಿಸಿ ಒಳಗೆ ಹೋದೆ. ನನ್ನನ್ನು ನೋಡಿ ಅವನು ಟ್ಯೂಬಾದ ಹಿಂದೆ ಮುಖ ಮರೆಸಿಕೊಂಡ.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬಿಡಿಸ್ತಿದ್ರಿ."

"ಬಿಡಿಸ್ತಿದ್ದೆ."

"ಅದಕ್ಕೇ ಅತ್ತಿಗೆ. ಬಿಡಿಸಿದ್ರೆ ಅವನು ಇನ್ನೂ ಬೇಗ ಹೋಗ್ತಿದ್ದ."

ಅದು ನಿಜವೋ ಸುಳ್ಳೋ ಹೇಳಲಾರೆ. ಊದದೆ ಮನೆಯಲ್ಲಿ ಕೂತ ನಮ್ಮವರನ್ನು ನಾನು ಎಣಿಸಿಕೊಂಡು ನೋಡಿದೆ, ಚಿತ್ರ ಕೂಡಿಬರಲಿಲ್ಲ. ಮೂವರಿಗೂ ಕಾಫಿ ಮಾಡಲು ಹೊರಗೆ ಬಂದೆ.

ಬ್ಯಾಂಡಮ್ಮ ಅಳುವವಳಲ್ಲ, ಅಳಿಸುವವಳೂ ಅಲ್ಲ. "ಸರಿ, ರೋಗ ಗೊತ್ತಾಯ್ತು. ಇನ್ನು ಔಷಧ" ಎಂದಳು. "ನಿಮ್ಮ ಟ್ಯೂಬಾ ಕೆಳಗಿಡಿ."

"ಯಾಕೆ?"

"ಇಡಿ ಅಂದ್ರೆ ಇಡಿ. ಈಗ ನಾನೊಬ್ಬಳೇ ಹಿಡೀತೀನಿ. ನೀವು ಅಡುಗೆಮನೆಗೆ ಹೋಗಿ ನೀರು ಕುಡಿದು ಬನ್ನಿ."

"ನನಗೆ ಬಾಯಾರಿಕೆ ಇಲ್ಲ."

"ನಿಮಗೆ ಬಾಯಾರಿಕೆ ಇದೆಯಾ ಅಂತ ನಾನು ಕೇಳಿದ್ನಾ?"

ಅವಳು ಸ್ವರ ಹಿಡಿದಳು. ಇವನು ಎದ್ದು ಪರದೆಯ ಹತ್ತಿರ ಬಂದ, ಹಿಂದೆ ತಿರುಗಿದ, ಒಳಗೆ ಬಂದ, ಲೋಟಕ್ಕೆ ನೀರು ಬಗ್ಗಿಸಿದ. ಅರ್ಧ ನೀರು ಕಟ್ಟೆಯ ಮೇಲೆ ಚೆಲ್ಲಿತು. ಉಳಿದ ನೀರನ್ನೂ ಕುಡಿಯದೆ ಲೋಟ ಹಿಡಿದೇ ಓಡಿಹೋದ. ಅವಳು ಇನ್ನೂ ಊದುತ್ತಿದ್ದಳು. ಬಾಯಿ ತೆಗೆದು, "ನೀರು ಕುಡೀರಿ ಅಂದಿದ್ದು, ನನಗೆ ತಂದುಕೊಡಿ ಅಂತಲ್ಲ. ಮತ್ತೆ ಹೋಗಿ" ಎಂದಳು.

ಆ ವಾರವೆಲ್ಲ ಇದೇ ಪಾಠ. ಅವಳು ದಿನಾ ಬರುವಳು. ಇವನು ದಿನಾ ಅಡುಗೆಮನೆಗೆ ಬಂದು ನಿಲ್ಲುವನು. ಮೊದಮೊದಲು ಲೋಟ ತುಟಿಗೆ ಹೋಗುತ್ತಿರಲಿಲ್ಲ. ಕಾಲು ಪರದೆಯ ಕಡೆಗೇ ತಿರುಗಿರುತ್ತಿತ್ತು. "ಅತ್ತಿಗೆ, ಇನ್ನೂ ಊದ್ತಾನೇ ಇದಾಳೆ" ಎಂದು ಪಿಸುಗುಟ್ಟುವನು, ಒಳಗೆ ಯಾರೋ ಹೆರಿಗೆ ನೋವು ತಿನ್ನುತ್ತಿರುವ ಹಾಗೆ.

"ಊದಲಿ ಬಿಡು. ಆ ಬದನೆಕಾಯಿ ಇತ್ತ ಕೊಡು" ಎನ್ನುವೆನು.

"ಅವಳ ಗಾಳಿ ಮುಗಿದ್ರೆ?"

"ಮುಗಿದ್ರೆ ನಿಲ್ಲಿಸ್ತಾಳೆ. ಅವಳಿಗೇನು ಬಾಯಿಲ್ವಾ, ಕರೀತಾಳೆ."

ಒಂದು ದಿನ ಅವನು ನೀರನ್ನು ನಿಧಾನವಾಗಿ ಕುಡಿದು, ಲೋಟ ತೊಳೆದು, ಬೋರಲು ಹಾಕಿ ಹೋದ. ಲೋಟ ತೊಳೆದಿಡುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ. ಆಮೇಲೆ ಬ್ಯಾಂಡಮ್ಮ ಅವನಿಗೆ ಟ್ಯೂಬಾ ಎತ್ತಿಕೊಳ್ಳಲು ಹೇಳಿದಳು. ಮೊದಲು ಬಿಡಬೇಕು, ಬಿಟ್ಟ ಮೇಲೆ ಚಾವಣಿ ನೋಡಬೇಕು, ಅವಳ ಭುಜ ನೋಡಿದರೆ ಮೊದಲಿನಿಂದ ಶುರು. ಚಾವಣಿಯಲ್ಲಿ ಜೇಡರ ಬಲೆ ಎಲ್ಲೆಲ್ಲಿದೆ ಎಂದು ಅವನು ನನಗೆ ಹೇಳಿದ್ದು ಆಗಲೇ. ನಾನು ಪೊರಕೆ ಹಿಡಿದು ಬಂದರೆ, "ಈಗ ಬೇಡ ಅತ್ತಿಗೆ, ನೋಡೋಕೆ ಏನಾದ್ರೂ ಇರಲಿ" ಎಂದ.

ಎಲ್ಲ ದಿನವೂ ಚೆನ್ನಾಗಿ ಆಗಲಿಲ್ಲ. ರೆಕಾರ್ಡಿಂಗಿಗೆ ಹೋಗುವ ಹಿಂದಿನ ದಿನ ಮೂರು ಸಲ ತೂತು ಬಿತ್ತು. ಇಬ್ಬರೂ ಜಗಳವಾಡಿದರು. ಬ್ಯಾಂಡಮ್ಮ "ನಾಳೆ ನೀವು ಬಿಡದಿದ್ರೆ ನಾನೂ ಬಿಡಲ್ಲ, ಇಬ್ಬರೂ ಅಲ್ಲೇ ಸಾಯೋಣ" ಎಂದು ಹೇಳಿ ಸ್ಕೂಟರ್ ಹತ್ತಿ ಹೋದಳು. ಇವನು ಊಟದ ತಟ್ಟೆಯ ಮುಂದೆ ಕೂತು, ಕುರ್ಚಿ ಹೋದರೆ ಟೈರ್ ಅಂಗಡಿಯಲ್ಲಿ ಪೂರ್ತಿ ದಿನ ಕೆಲಸ ಕೊಡುತ್ತಾರೇನೋ ಎಂದ. ಕೊಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಈಗ ಎಲ್ಲ ಕೆಲಸಕ್ಕೂ ಮಿಷನ್ನೇ.

ರೆಕಾರ್ಡಿಂಗಿನ ದಿನ ಅವನು ತಾನಾಗಿ ಮೊದಲ ಕುರ್ಚಿಗೆ ಹೋಗಿ ಕೂತ. ಮೇಷ್ಟ್ರು ಹುಬ್ಬೇರಿಸಿ ಕೋಲು ಎತ್ತಿಕೊಂಡರು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಕೂತರೆ ತಡೆಯಲಾರದೆ ನಡುವೆ ಎದ್ದೇನು, ಎದ್ದರೆ ನನ್ನ ಮಂಡಿ ಸದ್ದು ಮಾಡುತ್ತದೆ.

ಕೆಂಪು ದೀಪ ಹತ್ತಿತು. ಸ್ವರ ನೆಲದಿಂದ ಎದ್ದಿತು. ಅವನ ಗುರುತು ಬರುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು, ಅಷ್ಟು ಸಲ ಕೇಳಿದ್ದೆ. ಅವನ ಬೆನ್ನು ಬಿಗಿಯಾಯಿತು. ಈಗ ಹಿಡಿದುಕೊಳ್ಳುತ್ತಾನೆ ಎಂದುಕೊಂಡೆ. ಆದರೆ ಅವನು ಬಾಯಿ ತೆಗೆದ. ಎದೆಯಲ್ಲಿ ಇನ್ನೂ ಗಾಳಿ ತುಂಬಿರುವಾಗಲೇ ತೆಗೆದ. ತಲೆ ಎತ್ತಿ ಚಾವಣಿ ನೋಡಿದ. ಅಲ್ಲಿ ಬಲೆಗಿಲೆ ಏನೂ ಇರಲಿಲ್ಲ, ಬರೀ ದೀಪಗಳು. ಬ್ಯಾಂಡಮ್ಮನ ಸ್ವರ ಒಂದೇ ಇತ್ತು, ಅಲುಗದೆ ಇತ್ತು. ಅವನು ಉಸಿರನ್ನು ತುಂಬಾ ಹೊತ್ತು ಒಳಗೆಳೆದುಕೊಂಡ. ಇಷ್ಟು ವರ್ಷದಲ್ಲಿ ಊದುವ ನಡುವೆ ಅವನು ಅಷ್ಟು ದೊಡ್ಡ ಉಸಿರು ತೆಗೆದದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಎಣ್ಣೆ ಹಚ್ಚಿದ ಬಾಗಿಲು ಮುಚ್ಚಿದ ಹಾಗೆ ಒಳಗೆ ಬಂದ. ಎಲ್ಲಿ ಬಂದ ಎಂದು ತಿಳಿಯಲಿಲ್ಲ. ಅವಳು ಬಿಟ್ಟಳು, ಬಂದಳು. ಅವನು ಬಿಟ್ಟ, ಬಂದ.

ಗೇಮಿನ ಸ್ವರಕ್ಕೆ ಕೊನೆ ಇರುವುದಿಲ್ಲ. ಕೊನೆಯ ತುಣುಕನ್ನು ಮೊದಲ ತುಣುಕಿಗೆ ಸೇರಿಸಿ ಸುತ್ತುತ್ತಲೇ ಇರುತ್ತಾರೆ. ಹಾಗಾಗಿ ನಿಲ್ಲಿಸುವಾಗ ಇಳಿಸದೆ, ನಿಧಾನ ಮಾಡದೆ, ಹಾಗೇ ನಿಲ್ಲಿಸಬೇಕು. ನಿಲ್ಲಿಸಿದರು. ದೀಪ ಆರುವವರೆಗೂ ಯಾರೂ ಅಲ್ಲಾಡಲಿಲ್ಲ. ನಾನು ಕಣ್ಣಿಗೆ ಬಂದ ನೀರನ್ನೂ ಒರೆಸಲಿಲ್ಲ, ಸೀರೆ ಸರಸರ ಎನ್ನುತ್ತದೆಂದು.

"ಇನ್ನೊಂದು ಸಲ ಮಾಡೋಣ, ಇಟ್ಟುಕೊಳ್ಳೋಕೆ" ಎಂದರು ಮೇಷ್ಟ್ರು. ಇನ್ನೊಂದು ಸಲವೂ ತೂತು ಬೀಳಲಿಲ್ಲ. ಮೂರನೆಯದಕ್ಕೆ ಅವರು ಕೇಳಲಿಲ್ಲ. "ಊಟ" ಎಂದರು.

ಬ್ಯಾಂಡಮ್ಮ ಟ್ಯೂಬಾ ಓರೆಮಾಡಿ ಅದರೊಳಗೆ ಉಸಿರಿನಿಂದ ಸೇರಿದ ನೀರು ಸುರಿದಳು. "ಹಿರಿಯರೇ, ನಾನು ಬದುಕಿದೀನಾ ನೋಡಿ" ಎಂದಳು.

"ಬದುಕಿದೀಯ. ಬೈಯೋ ಶಕ್ತಿನೂ ಉಳಿದಿದೆ" ಎಂದ.

ಎರಡು ಕುರ್ಚಿಯೂ ಉಳಿದವು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ಕೆಲಸಕ್ಕೆ ಕುರ್ಚಿ ಹಾಕುವಾಗ ಟ್ಯೂಬಾಗೆ ಎಷ್ಟು ಎಂದು ನಾನು ಕೇಳಿದೆ, ಎರಡು ಎಂದರು. ಅಷ್ಟೆ.

ಗೇಮ್ ಹೊರಗೆ ಬಂದಾಗ ಅಳಿಯಂದಿರು ಮೊದಲ ದಿನವೇ ತಂದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟೀವಿಗೆ ಸಿಕ್ಕಿಸಿ ಆಡಲು ಕೂತರು. ಮಗಳು, ಬ್ಯಾಂಡಮ್ಮ, ಮೈದುನ, ನಾನು ಎಲ್ಲರೂ ಸುತ್ತ ಕೂತೆವು. ಹಡಗು ಚೆನ್ನಾಗಿತ್ತು. ಕಿಟಕಿಯಾಚೆ ಕತ್ತಲೆ, ನಕ್ಷತ್ರ. ಪಿಟೀಲು ಬಂತು, ಕಹಳೆ ಬಂತು. ಟ್ಯೂಬಾ ಅಡಿಯಲ್ಲಿ ಎಲ್ಲೋ ಇತ್ತು, ಕೇಳಿಸುತ್ತಿರಲಿಲ್ಲ. ಅಳಿಯಂದಿರು ದಿನವೂ ಲಿಫ್ಟ್ ಸರಿಮಾಡುವವರು. ಒಂದು ಭಾಗ ಕೆಡುವುದರೊಳಗೆ ಓಡಿಹೋಗಿ ಸರಿಮಾಡಿಬಿಡುತ್ತಿದ್ದರು.

"ಅಳಿಯಂದಿರೇ, ಸ್ವಲ್ಪ ಕೆಡಲಿ ಬಿಡಿ" ಎಂದ ಮೈದುನ.

"ಕೆಟ್ರೆ ಸಾಯ್ತೀನಿ ಚಿಕ್ಕಮಾವ."

"ಸಾಯಿರಿ. ನಾವು ಕೇಳ್ಬೇಕು."

"ಇಷ್ಟು ದೂರ ಬಂದಿದೀನಿ, ಈಗ ಹೇಗೆ ಸಾಯೋದು?"

"ಅವರಿಗೆ ಕೆಡಿಸೋದು ಬರಲ್ಲ ಚಿಕ್ಕಪ್ಪ. ಮನೇಲಿ ನಲ್ಲಿ ಕೆಟ್ಟಾಗ ಮಾತ್ರ ಕೈಕಟ್ಟಿ ಕೂರ್ತಾರೆ" ಎಂದಳು ಮಗಳು.

ಕೊನೆಗೆ ಅಳಿಯಂದಿರು ಕೈಯಲ್ಲಿದ್ದದ್ದನ್ನು ಮಡಿಲಲ್ಲಿಟ್ಟು ಕೂತರು. ಮುಖ ಸಣ್ಣಗಾಗಿತ್ತು. ಎಂಜಿನ್ ನಿಂತಿತು, ಕಹಳೆ ನಿಂತಿತು. ದೀಪಗಳು ಆರಿದವು, ಪಿಟೀಲು ನಿಂತಿತು. ಟೀವಿಯ ತುಂಬ ಕತ್ತಲೆ, ಆ ಮೆಕ್ಯಾನಿಕ್ ಹುಡುಗಿಯ ಹೆಲ್ಮೆಟ್ಟಿನ ಒಂದು ಚುಕ್ಕೆ ಬೆಳಕು. ಅದರ ಕೆಳಗೆ ಆ ಸ್ವರ ಇತ್ತು.

ಮಗಳು ಟೀವಿಯ ಸದ್ದು ಏರಿಸಿದಳು. ಸ್ವರ ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತು ಹೋಯಿತು. ನಾನು ಮೈದುನನ ಕಡೆಗೆ ಬಾಗಿ, "ಈಗ ಊದ್ತಿರೋದು ಯಾರು? ನೀನಾ, ಅವಳಾ?" ಎಂದು ಕೇಳಿದೆ.

ಅವನು ಕಣ್ಣು ಮುಚ್ಚಿ ಕೇಳಿದ. ಬ್ಯಾಂಡಮ್ಮನ ಕಡೆ ನೋಡಿದ. ಅವಳೂ ತಲೆ ಅಲ್ಲಾಡಿಸಿದಳು.

"ಗೊತ್ತಾಗ್ತಿಲ್ಲ ಅತ್ತಿಗೆ" ಎಂದ. ಮುಖವೆಲ್ಲ ನಗು. "ನನಗೇ ಗೊತ್ತಾಗ್ತಿಲ್ಲ."

ಅಷ್ಟರಲ್ಲಿ ಹಡಗಿನ ಗಾಳಿ ಮುಗಿದು ಅಳಿಯಂದಿರು ಸತ್ತರು. ಮೊದಲಿನಿಂದ ಶುರುಮಾಡಬೇಕು ಎಂದು ಗೊಣಗಿಕೊಂಡರು. ಮೈದುನ ಅವರ ಬೆನ್ನು ತಟ್ಟಿ, ಈ ಸಲ ಸ್ವಲ್ಪ ಬೇಗ ಕೆಡಿಸಿ ಎಂದ.